ನಾಳೆಯ ಕರ್ನಲ್‌ಗೆ ಇವತ್ತೇ ಡ್ರೈವರ್ ಹಾಕಬೇಕು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರನ್ನು ಕೇಳಿ, ಸೈಬರ್ ಅಂಗಡಿ ಇಟ್ಟವರನ್ನು ಕೇಳಿ, ಶಾಲೆಯ ಕಂಪ್ಯೂಟರ್ ಕೋಣೆಯ ಕೀಲಿಕೈ ಇಟ್ಟುಕೊಂಡ ಮೇಷ್ಟ್ರನ್ನು ಕೇಳಿ, ಲಿನಕ್ಸ್ ಎಂದ ಕೂಡಲೇ ಬರುವ ಮಾತು ಒಂದೇ: "ಅದಕ್ಕ ಡ್ರೈವರ್ ಸಿಗಂಗಿಲ್ರಿ." ಸಿಕ್ಕರೂ ನಿಲ್ಲುವುದಿಲ್ಲ ಎಂಬುದು ಅದರ ಬೆನ್ನಿಗೇ ಬರುವ ಮಾತು. ಇವತ್ತು ವೈಫೈ ಬಂತು, ನಾಳೆ ಅಪ್‌ಡೇಟ್ ಆಯಿತು, ನಾಡಿದ್ದು ವೈಫೈ ಹೋಯಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರು ಇದನ್ನೇ ಶಾಸ್ತ್ರದ ಭಾಷೆಯಲ್ಲಿ ಹೇಳುತ್ತಾರೆ. ಲಿನಕ್ಸ್‌ನ ತಿರುಳಾದ ಕರ್ನಲ್ ಡ್ರೈವರ್‌ಗಳೊಂದಿಗಿನ ತನ್ನ ಒಳಒಪ್ಪಂದವನ್ನು ಸ್ಥಿರವಾಗಿಡುವುದಿಲ್ಲ, ಆವೃತ್ತಿ ಬದಲಾದರೆ ಹಳೆಯ ಡ್ರೈವರ್ ಕೆಡುತ್ತದೆ, ಆದ್ದರಿಂದ ಎಂಜಿನಿಯರುಗಳು ಕೈಗೆ ಸಿಗುವ ಊರಿಗೆ ಅದು ಸರಿ, ತಾಲೂಕಿಗೆ ಸಲ್ಲದು ಎಂಬುದು ಅವರ ವಾದ.

ಈ ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಕರ್ನಲ್ ಬದಲಾದಾಗ ಕೆಲವು ಡ್ರೈವರ್ ಕೈಕೊಡುತ್ತವೆ ಎಂಬುದು ನಿಜ. ಆದರೆ ಹಾಗೆ ಕೈಕೊಡುವಂತೆ ಮಾಡುವ ನಿಯಮವೇ ನಮ್ಮ ತಾಲೂಕುಗಳ ಹತ್ತು-ಹನ್ನೆರಡು ವರ್ಷ ಹಳೆಯ ಯಂತ್ರಗಳನ್ನು ಬದುಕಿಸಿ ಇಟ್ಟಿದೆ. ಕೆಟ್ಟದ್ದು ಎಂದು ನಾವು ದೂರುವ ಪ್ರಸಂಗಗಳಲ್ಲಿ ಹೆಚ್ಚಿನವು ಕರ್ನಲ್‌ನ ತಪ್ಪಲ್ಲ. ಡ್ರೈವರನ್ನು ಇವತ್ತು ಓಡುತ್ತಿರುವ ಕರ್ನಲ್‌ಗೆ ಮಾತ್ರ ಹಾಕಿ, ನಾಳೆ ಓಡಲಿರುವ ಕರ್ನಲ್‌ನ ವಿಚಾರ ಮಾಡದೆ ಎದ್ದು ಬರುವ ನಮ್ಮ ರೂಢಿಯ ತಪ್ಪು ಅದು. ಅದಕ್ಕೂ ಮೊದಲಿನ ತಪ್ಪು, ಒಳಗಿನ ಚಿಪ್ ಯಾವುದೆಂದು ಕೇಳದೆ ಯಂತ್ರ ಕೊಳ್ಳುವುದು.

ಕೆಲಸ ಹೇಗೆ ನಡೆಯುತ್ತದೆ ಎಂದು ಮೊದಲು ನೋಡಬೇಕು. ಲಿನಕ್ಸ್‌ನಲ್ಲಿ ಡ್ರೈವರ್ ಎಂದರೆ ಬಹುತೇಕ ಒಂದು ಮಾಡ್ಯೂಲ್. ಕರ್ನಲ್ ಓಡುತ್ತಿರುವಾಗಲೇ ಅದರೊಳಕ್ಕೆ ಸೇರಿಸಬಹುದಾದ ತುಣುಕು. ಡಿಸ್ಕ್‌ನಲ್ಲಿ ಪ್ರತಿ ಕರ್ನಲ್ ಆವೃತ್ತಿಗೂ ಅದರದೇ ಹೆಸರಿನ ಫೋಲ್ಡರ್ ಇರುತ್ತದೆ. 5.15 ಓಡುವಾಗ 5.15ರ ಫೋಲ್ಡರ್, 6.8 ಓಡುವಾಗ 6.8ರ ಫೋಲ್ಡರ್. ಒಂದರಲ್ಲಿ ಇಟ್ಟದ್ದು ಇನ್ನೊಂದರ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಂದ ಇಲ್ಲಿಗೆ ಕಾಪಿ ಮಾಡಿ ಹಾಕಿದರೂ ನಡೆಯುವುದಿಲ್ಲ. ಯಾವ ಕರ್ನಲ್‌ಗಾಗಿ ತಯಾರಾಯಿತು ಎಂಬ ಗುರುತು ಪ್ರತಿ ಮಾಡ್ಯೂಲಿನೊಳಗೂ ಬರೆದಿರುತ್ತದೆ. ಹೊಂದಿಕೆಯಾಗದಿದ್ದರೆ ಕರ್ನಲ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಆವೃತ್ತಿ ಬದಲಾದಾಗ ಮಾಡ್ಯೂಲನ್ನು ಆ ಆವೃತ್ತಿಗೆಂದೇ ಮತ್ತೆ ಕಟ್ಟಬೇಕು. ಕರ್ನಲ್‌ನ ಮೂಲದೊಳಗೇ ಸೇರಿರುವ ಡ್ರೈವರಾದರೆ ಈ ಕೆಲಸವನ್ನು ಉಬುಂಟು, ಡೆಬಿಯನ್‌ನಂಥ ವಿತರಣೆ ತಯಾರಿಸುವವರೇ ಮಾಡಿ ಕಳಿಸುತ್ತಾರೆ. ಕಂಪನಿಯ ಸಿಡಿಯಿಂದಲೋ ಇಂಟರ್ನೆಟ್ಟಿನಿಂದಲೋ ತಂದ ಹೊರಗಿನ ಡ್ರೈವರಾದರೆ ನಾವೇ ಮಾಡಿಕೊಳ್ಳಬೇಕು. ಜನ ದೂರುವುದೆಲ್ಲ ಈ ಎರಡನೆಯ ಜಾತಿಯ ಬಗ್ಗೆ.

ಹಾಗಾದರೆ ಒಳಒಪ್ಪಂದವನ್ನು ಯಾಕೆ ಬದಲಿಸುತ್ತಾರೆ? 2018ರ ಜನವರಿಯಲ್ಲಿ ಬಂದ 4.15 ಕರ್ನಲ್ಲನ್ನೇ ತೆಗೆದುಕೊಳ್ಳಿ. ಅದು ಬಂದಾಗ ಹೊರಗಿನ ವೈಫೈ ಡ್ರೈವರ್‌ಗಳು ಸಾಲುಸಾಲಾಗಿ ಕಟ್ಟಲಾಗದೆ ನಿಂತುಹೋದವು. ಕರ್ನಲ್‌ನೊಳಗಿನ ಟೈಮರ್ ಕಟ್ಟುವ ರೀತಿ ಬದಲಾಗಿತ್ತು. ಹಳೆಯ ರೀತಿಯಲ್ಲಿ, ಸಮಯ ಮುಗಿದಾಗ ಯಾವ ಕೋಡ್ ಓಡಬೇಕು ಎಂಬ ವಿಳಾಸವೂ ಅದಕ್ಕೆ ಕೊಡಬೇಕಾದ ಮೌಲ್ಯವೂ ಮೆಮೊರಿಯಲ್ಲಿ ಒಂದೇ ಕಡೆ ಇರುತ್ತಿದ್ದವು. ಪಕ್ಕದ ಜಾಗ ತುಂಬಿ ಹರಿಯುವ ಒಂದು ದೋಷ ಸಿಕ್ಕರೆ ದಾಳಿಕೋರ ಎರಡನ್ನೂ ಒಟ್ಟಿಗೆ ತಿದ್ದಿ ಯಂತ್ರವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದಿತ್ತು. ಕರ್ನಲ್ ಅಭಿವೃದ್ಧಿಕಾರ ಕೀಸ್ ಕುಕ್ ಮತ್ತವರ ಜೊತೆಗಾರರು ಆ ಬಾಗಿಲು ಮುಚ್ಚಿದರು. ಮುಚ್ಚುವಾಗ ಕರ್ನಲ್‌ನೊಳಗಿದ್ದ ನೂರಾರು ಡ್ರೈವರ್‌ಗಳನ್ನು ಹೊಸ ರೀತಿಗೆ ತಾವೇ ತಿದ್ದಿಕೊಟ್ಟರು. ಹೊರಗಿದ್ದವನ್ನು ತಿದ್ದಲು ಅವರಿಗೆ ದಾರಿಯೇ ಇರಲಿಲ್ಲ. 2020ರ 5.6ರಲ್ಲೂ ಹೀಗೇ ಆಯಿತು. ಈ ಸಲ ಬದಲಾದದ್ದು ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರೊಕ್ ಕಡತಗಳ ವ್ಯವಹಾರ. ಹೊರಗಿನ ಡ್ರೈವರ್‌ಗಳಲ್ಲಿ ಅನೇಕವು ಮತ್ತೆ ಮುಗ್ಗರಿಸಿದವು, ಒಳಗಿನವುಗಳಿಗೆ ಏನೂ ಆಗಲಿಲ್ಲ.

ಕರ್ನಲ್ ಅಭಿವೃದ್ಧಿಯ ಕಟ್ಟಳೆ ಸ್ಪಷ್ಟ: ಕೆರೆಯ ತೂಬು ಬದಲಿಸಿದವನೇ ಕೆಳಗಿನ ಕಾಲುವೆಗಳನ್ನೂ ಸರಿಮಾಡಿ ಕೊಡಬೇಕು. ಒಳಒಪ್ಪಂದವನ್ನು ಯಾಕೆ ಸ್ಥಿರಗೊಳಿಸುವುದಿಲ್ಲ ಎಂದು ಕರ್ನಲ್ ನಿರ್ವಾಹಕರಲ್ಲೊಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ ಟಿಪ್ಪಣಿ ಕರ್ನಲ್‌ನ ದಾಖಲೆಗಳಲ್ಲೇ ಇದೆ. ಅದನ್ನು ಹಟಮಾರಿತನ ಎಂದು ಓದುವವರಿದ್ದಾರೆ. ನನಗೆ ಅದು ಬಡವರ ಪರವಾದ ನಿಲುವಾಗಿ ಕಾಣುತ್ತದೆ. ಒಪ್ಪಂದ ಸ್ಥಿರವಾಗಿದ್ದರೆ ಕಂಪನಿ ತನ್ನ ಡ್ರೈವರನ್ನು ಮುಚ್ಚಿದ ಪೆಟ್ಟಿಗೆಯಾಗಿ ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳಬಹುದು. ಒಪ್ಪಂದ ಬದಲಾಗುತ್ತದೆ ಎಂಬ ಕಾರಣಕ್ಕೇ ಮೂಲವನ್ನು ಕರ್ನಲ್‌ಗೆ ಒಪ್ಪಿಸುವುದು ಕಂಪನಿಗೆ ಲಾಭವಾಗುತ್ತದೆ. ಒಮ್ಮೆ ಒಪ್ಪಿಸಿದ ಮೇಲೆ ಕಂಪನಿ ಮುಳುಗಿದರೂ, ಆ ಮಾದರಿಯನ್ನು ಕೈಬಿಟ್ಟರೂ, ಬಳಸುವವರು ಇರುವ ತನಕ ಡ್ರೈವರನ್ನು ತಿದ್ದುವವರು ಇರುತ್ತಾರೆ. ಬಳಸುವವರೇ ಇಲ್ಲದ ತೀರಾ ಹಳೆಯ ಡ್ರೈವರನ್ನು ಕರ್ನಲ್ ಕೂಡ ತೆಗೆದುಹಾಕುತ್ತದೆ. ಆದರೆ ಅದು ಕಂಪನಿಯ ಮಾರಾಟದ ಲೆಕ್ಕದ ಮೇಲೆ ನಡೆಯುವ ಕೆಲಸವಲ್ಲ.

ಇದಕ್ಕೆ ಸಾಕ್ಷಿ ನಮ್ಮ ಕೃಷಿ ಮಾರುಕಟ್ಟೆಯ ಅಂಗಡಿಗಳಲ್ಲೇ ಸಿಗುತ್ತದೆ. ತೊಗರಿ ತೂಗುವ ತಕ್ಕಡಿ, ಕಬ್ಬಿನ ಲಾರಿ ತೂಗುವ ವೇ ಬ್ರಿಡ್ಜ್, ಇವುಗಳ ತೂಕದ ಡಬ್ಬಿಯಿಂದ ಕಂಪ್ಯೂಟರಿಗೆ ಅಂಕಿ ಬರುವುದು ಹಳೆಯ ಸೀರಿಯಲ್ ತಂತಿಯಲ್ಲಿ. ಈಗಿನ ಕಂಪ್ಯೂಟರಿನಲ್ಲಿ ಆ ಕಿಂಡಿ ಇರುವುದಿಲ್ಲವಾದ್ದರಿಂದ ನಡುವೆ ಯುಎಸ್‌ಬಿ-ಸೀರಿಯಲ್ ಕೇಬಲ್ ಹಾಕುತ್ತಾರೆ. ಅದರೊಳಗಿನ ಚಿಪ್ ಸಾಮಾನ್ಯವಾಗಿ ಪ್ರೊಲಿಫಿಕ್ ಪಿಎಲ್2303, ಎಫ್‌ಟಿಡಿಐ ಇಲ್ಲವೇ ಸಿಎಚ್340. 2014ರಲ್ಲಿ ಎಫ್‌ಟಿಡಿಐ ಕಂಪನಿ ವಿಂಡೋಸ್ ಅಪ್‌ಡೇಟ್ ಮೂಲಕ ಕಳಿಸಿದ ಡ್ರೈವರ್, ನಕಲಿ ಚಿಪ್ ಕಂಡರೆ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ಕೇಬಲ್ಲನ್ನು ನಿಷ್ಪ್ರಯೋಜಕ ಮಾಡುತ್ತಿತ್ತು. ಗದ್ದಲವಾದ ಮೇಲೆ ಹಿಂತೆಗೆದುಕೊಂಡರು. ಪ್ರೊಲಿಫಿಕ್‌ನ ಹೊಸ ವಿಂಡೋಸ್ ಡ್ರೈವರ್ ತನ್ನದೇ ಕಂಪನಿಯ ಹಳೆಯ ಪಿಎಲ್2303 ಎಚ್‌ಎಕ್ಸ್‌ಎ ಚಿಪ್ ಕಂಡರೆ, ಇದನ್ನು 2012ರಲ್ಲೇ ಕೈಬಿಟ್ಟಿದ್ದೇವೆ, ಮಾರಿದವರನ್ನು ಕೇಳಿ ಎಂದು ಹೇಳಿ ಸುಮ್ಮನಾಗುತ್ತದೆ. ತೂಗುವ ಡಬ್ಬಿ ಸರಿಯಿದೆ, ಕೇಬಲ್ ಸರಿಯಿದೆ, ಡ್ರೈವರ್ ಮಾತ್ರ ಒಲ್ಲೆ ಅನ್ನುತ್ತದೆ. ಅದೇ ಕೇಬಲ್ಲನ್ನು ಲಿನಕ್ಸ್ ಯಂತ್ರಕ್ಕೆ ಹಚ್ಚಿ ನೋಡಿ. ಮೂರೂ ಚಿಪ್‌ಗಳ ಡ್ರೈವರ್ ಕರ್ನಲ್‌ನೊಳಗೆ ಬಹಳ ವರ್ಷಗಳಿಂದ ಇದೆ, ಆವೃತ್ತಿ ಎಷ್ಟು ಸಲ ಬದಲಾದರೂ ಜೊತೆಗೇ ಬಂದಿದೆ. ಲಿನಕ್ಸ್‌ಗೆ ಡ್ರೈವರ್ ಸಿಗುವುದಿಲ್ಲ ಎನ್ನುವವರು ಇದಕ್ಕೆ ಏನು ಉತ್ತರ ಕೊಡುತ್ತಾರೆ?

ಶಾಲೆಗಳಿಗೂ ಇದೇ ಅನ್ವಯಿಸುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮ ಪ್ರೌಢಶಾಲೆಗಳ ಕೋಣೆಯಲ್ಲಿ ಧೂಳು ಹೊದಿಕೆ ಹಾಕಿಟ್ಟಿರುವ ಹಳೆಯ ಯಂತ್ರಗಳು ಈ ಲೆಕ್ಕದಲ್ಲಿ ಗುಜರಿಗೆ ಹೋಗಬೇಕಾದವು. ಇವತ್ತಿನ ಲಿನಕ್ಸ್ ಕರ್ನಲ್ ಅವುಗಳ ಗ್ರಾಫಿಕ್ಸ್, ಧ್ವನಿ, ನೆಟ್‌ವರ್ಕ್ ಕಾರ್ಡ್ ಎಲ್ಲವನ್ನೂ ಗುರುತಿಸುತ್ತದೆ. ಯಾವ ಸಿಡಿಯೂ ಬೇಕಾಗುವುದಿಲ್ಲ.

ಇಷ್ಟು ಹೇಳಿದ ಮೇಲೂ ವೈಫೈ ಹೋದದ್ದು ಹೋದದ್ದೇ ತಾನೆ ಎಂದು ಕೇಳುವವರಿಗೆ ಉತ್ತರ ಕೊಡಬೇಕು. ಅಫಜಲಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಕಂಡದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತಪ್ಪು ಎಲ್ಲಿ ನುಸುಳುತ್ತದೆ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ಡೆಸ್ಕ್‌ಟಾಪಿಗೆ ಉಬುಂಟು 22.04, ಹಿಂದುಗಡೆ ಚುಚ್ಚಿದ ಪುಟ್ಟ ವೈಫೈ ಡಾಂಗಲ್, ಅದರೊಳಗೆ ರಿಯಲ್‌ಟೆಕ್ 8811ಎಯು ಚಿಪ್. ಕಲಬುರಗಿಯಿಂದ ಬಂದ ಹುಡುಗ ಮೊದಲು ಎಲ್ಲ ಅಪ್‌ಡೇಟ್ ಹಾಕಿದ್ದ. ಆ ಅಪ್‌ಡೇಟ್‌ನಲ್ಲಿ ಕರ್ನಲ್ 6.5ರಿಂದ 6.8ಕ್ಕೆ ಏರಿತ್ತು. ಆದರೆ ಯಂತ್ರವನ್ನು ಆರಿಸಿ ಹಚ್ಚುವ ತನಕ ಓಡುವುದು ಹಳೆಯ 6.5. ಅವನು ಹಾಗೇ ಡಾಂಗಲ್‌ನ ಡ್ರೈವರ್ ಕಟ್ಟಿದ. ಇಂಥ ಹೊರಗಿನ ಡ್ರೈವರ್‌ಗಳ ಕಟ್ಟುವ ಕಡತದಲ್ಲಿ ಮೊದಲಿಗೇ ಒಂದು ಸಾಲಿರುತ್ತದೆ: ಈಗ ಓಡುತ್ತಿರುವ ಕರ್ನಲ್ ಯಾವುದೆಂದು ಯುನೇಮ್ ಆದೇಶದಿಂದ ಕೇಳಿ ತಿಳಿದು ಅದಕ್ಕೇ ಕಟ್ಟು ಎಂದು. ಅದು ಹೇಳಿದಂತೆ ಮಾಡಿತು, 6.5ರ ಫೋಲ್ಡರಿನಲ್ಲಿ ಮಾಡ್ಯೂಲ್ ಇಟ್ಟಿತು. ವೈಫೈ ಬಂತು. ಹುಡುಗ ದುಡ್ಡು ತೆಗೆದುಕೊಂಡು ಸಂಜೆಯ ಬಸ್ ಹಿಡಿದ. ಮರುದಿನ ಬೆಳಗ್ಗೆ ಯಂತ್ರ ಹಚ್ಚಿದರೆ ಎದ್ದದ್ದು 6.8. ಅದರ ಫೋಲ್ಡರಿನಲ್ಲಿ ಡಾಂಗಲ್‌ನ ಹೆಸರೇ ಇಲ್ಲ.

ಮೇಷ್ಟ್ರು ಫೋನ್ ಹಚ್ಚಿದರು. "ನಿನ್ನಿ ತನಾ ಛಲೋ ನಡದಿತ್ತಲ್ಲಪಾ, ಇವತ್ತ ನೆಟ್ಟೇ ಬರವಲ್ದು." ಆ ಕಡೆಯಿಂದ ಬಂದ ಉತ್ತರ ಎಲ್ಲ ಕಡೆ ಬರುವಂಥದೇ: "ಲಿನಕ್ಸ್ ಅಂದ್ರ ಹಿಂಗೇ ರೀ ಸರ್. ಮುಂದಿನ ವಾರ ಬಂದು ವಿಂಡೋಸ್ ಹಾಕಿಬಿಡ್ತೀನ್ರಿ." ಹುಡುಗ ಸೋಮಾರಿಯಲ್ಲ, ಅಪ್ರಾಮಾಣಿಕನೂ ಅಲ್ಲ. ಡ್ರೈವರ್ ಹಾಕುವುದೆಂದರೆ ಕಣ್ಣೆದುರು ಓಡುತ್ತಿರುವ ವ್ಯವಸ್ಥೆಗೆ ಹಾಕುವುದು ಎಂದೇ ಅವನಿಗೆ ಕಲಿಸಿದ್ದಾರೆ. ಓಡದೆ ಇರುವ ಇನ್ನೊಂದು ಕರ್ನಲ್‌ಗೂ ಕೂತಲ್ಲಿಂದಲೇ ಡ್ರೈವರ್ ಹಾಕಬಹುದು ಎಂದು ಅವನಿಗೆ ಯಾರೂ ಹೇಳಿಲ್ಲ.

ಆ ದಿನ ಅಲ್ಲಿ ಮಾಡಿದ್ದು ಇಷ್ಟು. ಯಂತ್ರ ಏಳುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ತೆರೆದು ಹಳೆಯ 6.5ರಿಂದ ಎಬ್ಬಿಸಿದರೆ ವೈಫೈ ಬಂತು. ಕರ್ನಲ್ ಬದಲಾದರೂ ಹಿಂದಿನದನ್ನು ಉಬುಂಟು ತಕ್ಷಣ ಅಳಿಸುವುದಿಲ್ಲ ಎಂಬುದೇ ದೊಡ್ಡ ಅನುಕೂಲ. ಅಲ್ಲಿಂದಲೇ 6.8ರ ಹೆಡರ್ ಪ್ಯಾಕೇಜ್ ಇಳಿಸಿಕೊಂಡಾಯಿತು. ಹೆಡರ್ ಅಂದರೆ ಆ ಕರ್ನಲ್‌ನ ಅಳತೆಪಟ್ಟಿ. ಅದಿಲ್ಲದೆ ಅದರ ಮಾಡ್ಯೂಲ್ ಕಟ್ಟಲಾಗದು. ಆಮೇಲೆ ಡ್ರೈವರ್‌ನ ಮೂಲವನ್ನು ಡಿಕೆಎಂಎಸ್ ಎಂಬ ಸಲಕರಣೆಗೆ ಒಪ್ಪಿಸಿ, ಕೆ ಎಂಬ ಆಯ್ಕೆಯ ಮುಂದೆ 6.8ರ ಪೂರ್ತಿ ಹೆಸರು ಬರೆದು ಇನ್‌ಸ್ಟಾಲ್ ಮಾಡು ಅಂದರೆ, 6.5ರ ಮೇಲೆ ಕೂತೇ ಅದು 6.8ಕ್ಕೆ ಮಾಡ್ಯೂಲ್ ಕಟ್ಟಿ 6.8ರ ಫೋಲ್ಡರಿನಲ್ಲಿ ಇಟ್ಟಿತು, ಅದರ ಸೂಚಿಯನ್ನೂ ಹೊಸದು ಮಾಡಿತು. ಮಾಡ್ಇನ್ಫೋ ಆದೇಶಕ್ಕೂ ಅದೇ ಕೆ ಆಯ್ಕೆ ಕೊಟ್ಟು ಕೇಳಿದರೆ ಮಾಡ್ಯೂಲಿನ ಗುರುತಿನ ಸಾಲಿನಲ್ಲಿ 6.8 ಕಾಣುತ್ತಿತ್ತು. ಆರಿಸಿ ಹಚ್ಚುವ ಮೊದಲೇ ಕೆಲಸ ಆಯಿತೋ ಇಲ್ಲವೋ ತಿಳಿಯುವ ದಾರಿ ಅದು. ಮೇಷ್ಟ್ರು ತರಿಸಿದ ಚಹಾ ಕುಡಿದು ಮುಗಿಸುವಷ್ಟರಲ್ಲಿ ಎಲ್ಲ ಆಗಿತ್ತು.

ಡಿಕೆಎಂಎಸ್ ಹೊಸ ವಿದ್ಯೆಯಲ್ಲ. ಡೆಲ್ ಕಂಪನಿ ತನ್ನ ಗಿರಾಕಿಗಳ ಇದೇ ತೊಂದರೆಗೆ 2003ರಲ್ಲಿ ತಂದದ್ದು. ಡ್ರೈವರ್‌ನ ಮೂಲವನ್ನು ಒಂದು ಕಡೆ ಇಟ್ಟುಕೊಂಡು, ಹೊಸ ಕರ್ನಲ್ ಬಂದಾಗಲೆಲ್ಲ ಅದಕ್ಕೆ ತಾನೇ ಕಟ್ಟುತ್ತದೆ. ಆದರೆ ಇದು ನಡೆಯಬೇಕಾದರೆ ಹೊಸ ಕರ್ನಲ್ ಜೊತೆಗೆ ಅದರ ಹೆಡರ್ ಕೂಡ ಬರುತ್ತಿರಬೇಕು. ಒಂದು ಆವೃತ್ತಿಯ ಹೆಡರನ್ನಷ್ಟೇ ಹಾಕಿ ಬಿಟ್ಟರೆ ಮುಂದಿನ ಸಲ ಡಿಕೆಎಂಎಸ್ ಕಟ್ಟಲಾಗದೆ ನಿಲ್ಲುತ್ತದೆ, ಪರದೆಯ ಮೇಲೆ ಓಡಿಹೋಗುವ ಸಾಲುಗಳಲ್ಲಿ ಅದರ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ. ಕರ್ನಲ್ ಜೊತೆ ತಾನೂ ಏರುವ ಹೆಡರ್ ಪ್ಯಾಕೇಜನ್ನೇ ಹಾಕಬೇಕು. ಮೂರು ತಾಲೂಕಿನಲ್ಲಿ ಡ್ರೈವರ್ ನಿಲ್ಲುವುದಿಲ್ಲ ಎಂಬ ಅಪವಾದದ ಬಹುಪಾಲು ಈ ಒಂದು ಪ್ಯಾಕೇಜಿನ ಕೊರತೆಯಿಂದ ಹುಟ್ಟಿದ್ದು ಎಂದು ನನ್ನ ಅಂದಾಜು.

ನೆಟ್ ಇಲ್ಲದೆ ವೈಫೈ ಡ್ರೈವರ್ ಹಾಕುವುದು ಹೇಗೆ, ಹೆಡರ್ ಇಳಿಸಲಿಕ್ಕೇ ನೆಟ್ ಬೇಕಲ್ಲ ಎಂಬ ಪ್ರಶ್ನೆಯೂ ಬರುತ್ತದೆ. ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್ಲಿನಿಂದ ಹಚ್ಚಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿದರೆ ಸಾಕು. ಅದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನೊಳಗೇ ಇದೆ. ಸಿಗ್ನಲ್ಲೂ ಸಿಗದ ಹಳ್ಳಿಯಾದರೆ ಕಲಬುರಗಿಯಲ್ಲೇ ಹೆಡರ್ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಬೇಕು. ಒಂದೇ ಬಗೆಯ ಇಪ್ಪತ್ತು ಯಂತ್ರ ಇದ್ದರೆ ಒಂದರಲ್ಲಿ ಕಟ್ಟಿದ ಮಾಡ್ಯೂಲ್, ಕರ್ನಲ್‌ನ ಹೆಸರು ಕೊನೆಯ ಅಂಕಿಯ ತನಕ ಒಂದೇ ಆಗಿದ್ದರೆ, ಉಳಿದ ಹತ್ತೊಂಬತ್ತಕ್ಕೂ ನಡೆಯುತ್ತದೆ. ಮನೆಯಲ್ಲೇ ಕೂತು ಜೇವರ್ಗಿಯ ಯಂತ್ರದ ಕರ್ನಲ್‌ಗೆ ಮಾಡ್ಯೂಲ್ ಕಟ್ಟಿಟ್ಟುಕೊಂಡು ಬಸ್ ಹತ್ತಬಹುದು. ಅಲ್ಲಿಗೆ ಹೋಗಿ ಅದನ್ನು ಫೋಲ್ಡರಿನಲ್ಲಿಟ್ಟು ಡೆಪ್‌ಮಾಡ್ ಆದೇಶವನ್ನು ಆ ಆವೃತ್ತಿಯ ಹೆಸರಿನೊಂದಿಗೆ ಓಡಿಸುವುದಷ್ಟೇ ಉಳಿಯುತ್ತದೆ.

ಈಗ ಚಾಲ್ತಿಯಲ್ಲಿರುವ ಪರಿಹಾರ ಬೇರೆ: ಅಪ್‌ಡೇಟ್ ಬಂದ್ ಮಾಡಿಬಿಡುವುದು, ಇಲ್ಲವೇ ಕರ್ನಲ್ಲನ್ನು ಅಲ್ಲೇ ಹಿಡಿದಿಡುವುದು. ಇದನ್ನು ಜಾಣತನವೆಂದು ಹೇಳಿಕೊಡುವವರೂ ಇದ್ದಾರೆ. ಡ್ರೈವರ್ ಕೆಡುವುದಿಲ್ಲ, ನಿಜ. ಆದರೆ ಆ ದಿನದಿಂದ ಕರ್ನಲ್‌ಗೆ ಬರುವ ಭದ್ರತಾ ತಿದ್ದುಪಡಿಗಳೂ ನಿಲ್ಲುತ್ತವೆ. ಮಕ್ಕಳ ಪೆನ್‌ಡ್ರೈವ್, ಮೇಷ್ಟ್ರ ಬ್ಯಾಂಕಿನ ಲಾಗಿನ್, ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಪ್ರತಿಗಳು ಎಲ್ಲ ಹಾದುಹೋಗುವ ಯಂತ್ರವನ್ನು ವರ್ಷಗಟ್ಟಲೆ ಹಾಗೆ ಬಿಡುವುದು ಅಪಾಯ. ಸ್ಥಿರತೆಯೇ ಬೇಕಾದರೆ ಅದಕ್ಕೆ ನೆಟ್ಟಗಿನ ದಾರಿ ಇದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಲ್ಲಿ ಎರಡು ಬಗೆಯ ಕರ್ನಲ್ ಸಿಗುತ್ತದೆ. 22.04 ಬಂದಾಗ ಇದ್ದದ್ದು 5.15. ಆ ಸಾಲನ್ನೇ ಇಟ್ಟುಕೊಂಡರೆ ಐದು ವರ್ಷವೂ 5.15ರಲ್ಲೇ ಇದ್ದು ಭದ್ರತಾ ತಿದ್ದುಪಡಿ ಪಡೆಯಬಹುದು. ಇನ್ನೊಂದು, ಹೊಸ ಹಾರ್ಡ್‌ವೇರ್‌ಗಾಗಿ ಏರುತ್ತಾ ಹೋಗುವ ಸಾಲು: 5.19, 6.2, 6.5, 6.8. ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯವಾಗಿ ಈ ಎರಡನೆಯದೇ ಬಂದು ಕೂರುತ್ತದೆ. ಹಳೆಯ ಯಂತ್ರ, ಹೊರಗಿನ ಡ್ರೈವರ್ ಇರುವ ಶಾಲೆಗೆ ಮೊದಲನೆಯ ಸಾಲೇ ಸರಿ. ಒಳಒಪ್ಪಂದ ಸ್ಥಿರವಾಗಿಲ್ಲ ಎಂದು ಲಿನಕ್ಸನ್ನು ತಳ್ಳಿಹಾಕುವ ಬೆಂಗಳೂರಿನ ಗೆಳೆಯರು ಈ ಮೊದಲ ಸಾಲನ್ನು ಮರೆತೇ ವಾದ ಮಾಡುತ್ತಾರೆ.

ಲಿನಕ್ಸ್ ಪ್ರೇಮಿಗಳ ಬಳಿಯೂ ಒಂದು ಸಿದ್ಧ ಉತ್ತರವಿದೆ: ಎಲ್ಲಕ್ಕಿಂತ ಹೊಸ ಕರ್ನಲ್ ಹಾಕಿ, ಎಲ್ಲ ಸರಿಹೋಗುತ್ತದೆ. ಇದನ್ನೂ ಅರ್ಧವಷ್ಟೇ ಒಪ್ಪಬಹುದು. ರಿಯಲ್‌ಟೆಕ್ 8821ಸಿಇ ಎಂಬ ವೈಫೈ ಚಿಪ್ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹಳ ಬಂತು. 5.4 ಕರ್ನಲ್ ಇದ್ದ ಉಬುಂಟು 20.04ರಲ್ಲಿ ಅದಕ್ಕೆ ಹೊರಗಿನ ಡ್ರೈವರ್ ಬೇಕಿತ್ತು. 2020ರಲ್ಲೇ ಅದರ ಬೆಂಬಲ ಕರ್ನಲ್‌ನೊಳಗೆ ಬಂತು. 22.04 ಹಾಕಿದವರಿಗೆ ಏನೂ ಮಾಡಬೇಕಾಗಲಿಲ್ಲ. ಅಲ್ಲಿ ಕರ್ನಲ್ ಏರಿಸುವುದೇ ಡ್ರೈವರ್ ಹಾಕುವುದು. ಹಳೆಯ ಹೊರಗಿನ ಡ್ರೈವರನ್ನು ತೆಗೆಯದೆ ಏರಿಸಿದವರ ಯಂತ್ರದಲ್ಲಿ ಮಾತ್ರ ಎರಡೂ ಒಂದೇ ಚಿಪ್‌ಗೆ ಕೈಚಾಚಿ ಜಗಳವಾಗುತ್ತಿತ್ತು. ಮೇಲೆ ಹೇಳಿದ 8811ಎಯು ಡಾಂಗಲ್‌ಗೂ 2025ರ ಜನವರಿಯಲ್ಲಿ ಬಂದ 6.13ರಿಂದ ಒಳಗಿನ ಬೆಂಬಲ ಇದೆ. ಆದರೆ ಶಾಲೆಯ ಹದಿನೈದು ಯಂತ್ರಗಳಿಗೆ ವಿತರಣೆಯ ಹೊರಗಿನಿಂದ ಬಿಡಿ ಕರ್ನಲ್ ತಂದು ಹಾಕಿದರೆ ಅದಕ್ಕೆ ಮುಂದೆ ತಿದ್ದುಪಡಿ ಕಳಿಸುವವರು ಯಾರು? ಒಂದು ಡಾಂಗಲ್ ಬದುಕಿಸಲು ಇಡೀ ಯಂತ್ರವನ್ನು ಅನಾಥ ಮಾಡಿದಂತಾಗುತ್ತದೆ. ವಿತರಣೆಯೇ ಆ ಕರ್ನಲ್ ಕೊಡುವ ತನಕ ಡಿಕೆಎಂಎಸ್‌ನಲ್ಲಿ ಕಾಯುವುದು ಮೇಲು.

ಒಂದು ವಿಷಯದಲ್ಲಿ ಅಂಗಡಿಯವರ ದೂರಿನಲ್ಲಿ ಹುರುಳಿದೆ: ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಏನೂ ತಿಳಿಯುವುದಿಲ್ಲ. ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಡಾಂಗಲ್‌ನ ಮೊದಲ ಆವೃತ್ತಿಯಲ್ಲಿ ಅಥೆರೋಸ್ 9271 ಚಿಪ್ ಇತ್ತು. ಅದರ ಡ್ರೈವರ್ 2010ರಿಂದಲೇ ಕರ್ನಲ್‌ನೊಳಗಿದೆ, ಚುಚ್ಚಿದರೆ ಸಾಕು. ಎರಡನೆಯ ಆವೃತ್ತಿಯಿಂದ ಅದೇ ಹೆಸರಿನ ಡಾಂಗಲ್‌ನೊಳಗೆ ರಿಯಲ್‌ಟೆಕ್ 8188ಇಯುಎಸ್ ಬಂತು. ಅದಕ್ಕೆ ಕರ್ನಲ್‌ನೊಳಗೆ ಗಟ್ಟಿಯಾದ ಡ್ರೈವರ್ ಸಿದ್ಧವಾಗುವಾಗ 2023. ಹೆಸರು ಒಂದೇ, ಒಳಗಿನ ಚಿಪ್ ಬೇರೆ. ಗಿರಾಕಿಗೆ ಆವೃತ್ತಿ ಸಂಖ್ಯೆ ಸಿಗುವುದು ತಳದ ಸಣ್ಣಕ್ಷರದಲ್ಲಿ. ಇದಕ್ಕೆ ಉತ್ತರ ಹೇಳಬೇಕಾದವರು ತಯಾರಕರು.

ಇನ್ನು ಕರ್ನಲ್‌ಗೆ ಸಂಬಂಧವೇ ಇಲ್ಲದ್ದನ್ನೂ ಅದರ ತಲೆಗೆ ಕಟ್ಟುತ್ತಾರೆ. ಪ್ರಿಂಟರ್ ಅವುಗಳಲ್ಲಿ ಮೊದಲನೆಯದು. ಪ್ರಿಂಟರಿನ ಕೆಲಸ ನಡೆಯುವುದು ಕಪ್ಸ್ ಎಂಬ ಬೇರೆ ವ್ಯವಸ್ಥೆಯಲ್ಲಿ, ಕರ್ನಲ್ ಬರೀ ಯುಎಸ್‌ಬಿ ದಾರಿ ಕೊಡುತ್ತದೆ. ನಮ್ಮ ಕಚೇರಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ2900ರ ಡ್ರೈವರ್ ಕಂಪನಿಯ ಮುಚ್ಚಿದ ತುಂಡು; ಅದರ ಕಾಟಕ್ಕೆ ಕರ್ನಲ್ ಹೊಣೆಯಲ್ಲ. ಎಚ್‌ಪಿ ಲೇಸರ್‌ಜೆಟ್ 1020 ತನ್ನ ಫರ್ಮ್‌ವೇರನ್ನು ತನ್ನೊಳಗೆ ಇಟ್ಟುಕೊಳ್ಳುವುದೇ ಇಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಅದನ್ನು ಮತ್ತೆ ತುಂಬಿಸಬೇಕು. ದಿನಕ್ಕೆ ಹಲವು ಸಲ ಕರೆಂಟ್ ಹೋಗುವ ಊರಲ್ಲಿ ಈ ಪ್ರಿಂಟರ್ ಆಗಾಗ ನಿಂತರೆ ಆಶ್ಚರ್ಯವಿಲ್ಲ. ತಾನಾಗಿ ತುಂಬಿಸುವ ಪ್ಯಾಕೇಜ್ ಹಾಕಿದರೆ ಆ ತೊಂದರೆ ಹೋಗುತ್ತದೆ. ಬೆರಳಚ್ಚು ಯಂತ್ರದ ಮಾತು ಬೇರೆ. ಆಧಾರ್ ಗುರುತಿಸುವಿಕೆಗೆ ತಯಾರಕರ ಆರ್‌ಡಿ ಸರ್ವಿಸ್ ಬೇಕು, ಅದು ಯಾವ ವ್ಯವಸ್ಥೆಗೆ ಇದೆಯೋ ಅಲ್ಲೇ ನಡೆಯಬೇಕು. ಪಿಂಚಣಿ, ರೇಷನ್ ವ್ಯವಹಾರದ ಮೇಲೇ ಹೊಟ್ಟೆ ಹೊರೆಯುವ ಅಂಗಡಿಯವರಿಗೆ ನಾನು ಲಿನಕ್ಸ್ ಹಾಕಿಕೊಳ್ಳಿ ಎಂದು ಹೇಳುವುದಿಲ್ಲ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತೊಡಕು ಸೆಕ್ಯೂರ್ ಬೂಟ್. ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಪ್ಪುವುದಿಲ್ಲ. ನಾವು ಕಟ್ಟಿದ ಮಾಡ್ಯೂಲ್‌ಗೆ ಸಹಿ ಹಾಕುವ ಕೀಲಿಯನ್ನು ಯಂತ್ರಕ್ಕೆ ಪರಿಚಯಿಸಬೇಕು, ಅದಕ್ಕೆ ಮುಂದಿನ ಸಲ ಯಂತ್ರ ಏಳುವಾಗ ಒಂದು ನೀಲಿ ಪರದೆ ಬಂದು ಹತ್ತು ಸೆಕೆಂಡ್ ಕಾಯುತ್ತದೆ. ಎದುರಿಗೆ ಇದ್ದವರು ಅದೇನೆಂದು ತಿಳಿಯದೆ ಸುಮ್ಮನಿದ್ದರೆ ಅವಕಾಶ ಹೋಯಿತು, ಡ್ರೈವರ್ ಮತ್ತೆ ಕೆಲಸ ಮಾಡುವುದಿಲ್ಲ. ಈ ಪರದೆಯ ಬಗ್ಗೆ ಮೊದಲೇ ಹೇಳದೆ ಹೋದ ರಿಪೇರಿ ಅರ್ಧ ರಿಪೇರಿ.

ತಾಲೂಕಿಗೆ ಲಿನಕ್ಸ್ ಒಗ್ಗುವುದಿಲ್ಲ ಎಂಬ ಮಾತನ್ನು ಕಾಸರಗೋಡಿನ ಕನ್ನಡ ಶಾಲೆಗಳು ಸುಳ್ಳುಮಾಡಿವೆ. ಕೇರಳದ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು, 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟು ಆಧರಿಸಿ ತಾನೇ ಸಿದ್ಧಪಡಿಸಿದ ವ್ಯವಸ್ಥೆಯನ್ನು ಅದು ರಾಜ್ಯದ ಶಾಲೆಗಳಿಗೆಲ್ಲ ಕೊಡುತ್ತದೆ. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ, ಪರೀಕ್ಷೆಯನ್ನೂ ಅದರ ಮೇಲೇ ಬರೆಯುತ್ತಾರೆ. ಅಲ್ಲಿನ ಹಳ್ಳಿಯ ಮೇಷ್ಟ್ರು ಕರ್ನಲ್ ಪಂಡಿತರೇನಲ್ಲ. ಎಲ್ಲರಿಗೂ ಒಂದೇ ವ್ಯವಸ್ಥೆ, ಒಂದೇ ಕರ್ನಲ್ ಇರುವುದರಿಂದ ಒಬ್ಬರ ತೊಂದರೆಗೆ ಸಿಕ್ಕ ಉತ್ತರ ಎಲ್ಲರಿಗೂ ಸಿಗುತ್ತದೆ. ಕರ್ನಾಟಕದಲ್ಲೂ 2011ರಿಂದ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಪ್ರೌಢಶಾಲೆಯ ಶಿಕ್ಷಕರಿಗೆ ಉಬುಂಟು ಮೇಲೆ ತರಬೇತಿ ನಡೆಯಿತು, ಒಳ್ಳೆಯ ಕೆಲಸ. ಮೇಷ್ಟ್ರು ಜಿಯೋಜೆಬ್ರಾ ಕಲಿತು ಊರಿಗೆ ಬಂದರು. ಶಾಲೆಯ ಯಂತ್ರದ ಡ್ರೈವರ್ ಕೆಟ್ಟರೆ ಯಾರನ್ನು ಕೇಳಬೇಕು ಎಂಬುದಕ್ಕೆ ಮಾತ್ರ ಅವರ ಬಳಿ ಒಂದು ಫೋನ್ ನಂಬರೂ ಇರಲಿಲ್ಲ.

ಆ ಜಾಗವನ್ನು ತುಂಬಬಲ್ಲವರು ದೂರದಲ್ಲಿಲ್ಲ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲೂಕಿನ ಕಡಗಂಚಿಯಲ್ಲೇ. ಅಲ್ಲಿ ಕಂಪ್ಯೂಟರ್ ವಿಜ್ಞಾನ ವಿಭಾಗವಿದೆ. ಐಟಿಐಗಳ ಕಂಪ್ಯೂಟರ್ ಆಪರೇಟರ್ ತರಬೇತಿಯ ಕೋಪಾ ಟ್ರೇಡಿನಲ್ಲಿ ಲಿನಕ್ಸ್ ಆದೇಶಗಳನ್ನು ಕಲಿಸುತ್ತಾರೆ. ಆ ವಿಭಾಗದ ವಿದ್ಯಾರ್ಥಿಗಳು ಮೂರು ತಾಲೂಕಿನ ಶಾಲೆಗಳಲ್ಲಿರುವ ಯಂತ್ರಗಳ ಚಿಪ್‌ಗಳ ಪಟ್ಟಿ ಮಾಡಿ, ಯಾವುದಕ್ಕೆ ಒಳಗಿನ ಡ್ರೈವರ್ ಇದೆ, ಯಾವುದಕ್ಕೆ ಡಿಕೆಎಂಎಸ್ ಬೇಕು ಎಂದು ಗುರುತು ಹಾಕಿ, ಬೇಕಾದ ಹೆಡರ್ ಮತ್ತು ಮೂಲಗಳನ್ನು ಒಂದು ಪೆನ್‌ಡ್ರೈವಿಗೆ ತುಂಬಿ ಶಾಲೆಗೊಂದರಂತೆ ಕೊಡಬಹುದು. ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ಅಳತೆಮಾಡಿ ಹೊಲಿದಂಥ ಕೆಲಸ. ಶಾಲಾಭಿವೃದ್ಧಿ ಸಮಿತಿಗಳೂ ಗ್ರಾಮ ಪಂಚಾಯತಿಗಳೂ ಹೊಸ ಯಂತ್ರ ಕೊಳ್ಳುವಾಗ ಕೊಟೇಶನ್ನಿನಲ್ಲಿ ವೈಫೈ ಚಿಪ್‌ನ ಹೆಸರು ಬರೆಸಿಕೊಳ್ಳಲಿ. ಯಂತ್ರ ಬಂದ ದಿನ ಉಬುಂಟು ತುಂಬಿದ ಪೆನ್‌ಡ್ರೈವಿನಿಂದ ಎಬ್ಬಿಸಿ, ಏನನ್ನೂ ಹೊಸದಾಗಿ ಹಾಕದೆ ವೈಫೈ, ಧ್ವನಿ, ಪರದೆ ನಡೆಯುತ್ತವೆಯೋ ನೋಡಲಿ. ನಡೆದರೆ ಬಿಲ್ಲಿಗೆ ಸಹಿ ಹಾಕಲಿ, ಇಲ್ಲವಾದರೆ ಬೇರೆ ಚಿಪ್ ಇರುವ ಯಂತ್ರ ಕೇಳಲಿ.